ಪ್ಯಾಡ್ ಬಿಚ್ಚಿಟ್ಟ ಮೇಲೂ ಮೈದಾನದಲ್ಲಿ ಕೆಲಸವಿದೆ

ಪ್ರಶ್ನೆ: ನನಗೀಗ 47 ವರ್ಷ. ಕ್ಲಬ್ಬೊಂದರ ಪರವಾಗಿ ಲೀಗ್ ಪಂದ್ಯಗಳನ್ನು ಆಡಿಕೊಂಡಿದ್ದೆ. ಮಂಡಿನೋವಿನಿಂದ ಆಟ ನಿಂತಿತು. ಭಾನುವಾರ ಬಂತೆಂದರೆ ಜೀವ ಮೈದಾನದ ಕಡೆಗೇ ಎಳೆಯುತ್ತದೆ. ಬೌಂಡರಿಯಾಚೆ ಸುಮ್ಮನೆ ಕೂತು ನೋಡುವುದೂ ಆಗದು. ಆಡದೆಯೂ ಕ್ರಿಕೆಟ್‌ನಲ್ಲಿ ಉಳಿಯುವುದು ಹೇಗೆ?
– ಓದುಗರೊಬ್ಬರು, ಮೈಸೂರು

ಉತ್ತರ: ಅಂಪೈರಿಂಗ್, ತರಬೇತಿ, ಪಿಚ್ ಉಸ್ತುವಾರಿ, ಕ್ಲಬ್ಬಿನ ಆಡಳಿತ ಎಂದು ದಾರಿಗಳು ಹಲವಿವೆ. ನಿಮ್ಮ ಮಂಡಿಯನ್ನೂ ಮನಸ್ಸನ್ನೂ ಒಟ್ಟಿಗೆ ನೋಡಿ ಹೇಳುವುದಾದರೆ, ಮೊದಲು ಸ್ಕೋರ್ ಪುಸ್ತಕದ ಮುಂದೆ ಕೂರಿ.

ಸ್ಕೋರರ್ ಎಂದರೆ ರನ್ ಕೂಡುವವನು ಎಂದು ಆಡುವವರಲ್ಲೇ ಅನೇಕರು ತಿಳಿದಿರುತ್ತಾರೆ. ಕ್ರಿಕೆಟ್ ನಿಯಮಾವಳಿಯ 42 ನಿಯಮಗಳಲ್ಲಿ ಮೂರನೆಯದು ಸ್ಕೋರರ್‌ಗಳಿಗೇ ಮೀಸಲು. ಪಂದ್ಯಕ್ಕೆ ಇಬ್ಬರಿರಬೇಕು ಎನ್ನುತ್ತದೆ ಅದು. ಅಂಪೈರ್ ಸನ್ನೆ ಮಾಡಿದಾಗ ಸ್ಕೋರರ್ ಉತ್ತರವಾಗಿ ಕೈಯೆತ್ತಬೇಕು. ಆ ಕೈ ಕಾಣುವವರೆಗೆ ಅಂಪೈರ್ ಆಟ ಮುಂದುವರಿಸುವಂತಿಲ್ಲ. ಅಷ್ಟು ತೂಕದ ಜಾಗ ಅದು.

ಪ್ರತಿ ಚೆಂಡನ್ನೂ ಮೂರು ಕಡೆ ದಾಖಲಿಸಬೇಕು: ಬ್ಯಾಟರ್ ಹೆಸರಿನೆದುರು ಅಥವಾ ಇತರೆ ರನ್‌ಗಳಲ್ಲಿ, ಬೌಲರ್ ಹೆಸರಿನೆದುರು, ಒಟ್ಟು ಮೊತ್ತದಲ್ಲಿ. ವೈಡ್, ನೋಬಾಲ್ ರನ್‌ಗಳು ಬೌಲರ್ ಖಾತೆಗೆ ಹೋಗುತ್ತವೆ; ಬೈ, ಲೆಗ್‌ಬೈ ಹೋಗುವುದಿಲ್ಲ. ಆರೂ ಚೆಂಡು ಚುಕ್ಕೆಯಾದರೆ ಆ ಚುಕ್ಕೆಗಳನ್ನೇ ಗೆರೆಯಿಂದ ಸೇರಿಸಿ ‘ಎಮ್’ ಮಾಡಿದರೆ ಮೇಡನ್. ವಿಕೆಟ್ಟೂ ಬಿದ್ದಿದ್ದರೆ ‘ಡಬ್ಲ್ಯು’. ಕೊನೆಯಲ್ಲಿ ಬ್ಯಾಟರ್‌ಗಳ ರನ್ನಿಗೆ ಇತರೆ ರನ್ ಕೂಡಿಸಿದರೂ, ಬೌಲರ್‌ಗಳು ಕೊಟ್ಟ ರನ್ನಿಗೆ ಬೈ, ಲೆಗ್‌ಬೈ, ದಂಡದ ರನ್ ಕೂಡಿಸಿದರೂ ಒಂದೇ ಮೊತ್ತ ಬರಬೇಕು. ಹೀಗೆ ಒಂದು ಇನಿಂಗ್ಸ್ ಬರೆದು ನೋಡಿ. ಯಾವ ಹುಡುಗ ಯಾವ ಬೌಲರ್ ಎದುರು ಕಟ್ಟಿಬಿದ್ದ, ಒತ್ತಡ ಎಲ್ಲಿ ಶುರುವಾಯಿತು ಎಂಬುದೆಲ್ಲ ಕಣ್ಣಿಗೆ ಬೀಳುತ್ತದೆ. ಸ್ಲಿಪ್‌ನಲ್ಲಿ ನಿಂತಾಗಲೂ ಇಷ್ಟು ಸ್ಪಷ್ಟವಾಗಿ ಕಂಡಿರಲಿಕ್ಕಿಲ್ಲ.

ಅಲ್ಲಿಂದ ಅಂಪೈರಿಂಗ್‌ಗೂ ಹೋಗಬಹುದು. ಮುಂಬೈನ ವೃಂದಾ ರಾಠಿ ಸ್ಕೋರರ್ ಆಗಿದ್ದವರು. 2022–23ರ ಋತುವಿನಲ್ಲಿ ರಣಜಿ ಪಂದ್ಯಕ್ಕೆ ನಿಂತ ಮೊದಲ ಮಹಿಳಾ ಅಂಪೈರ್‌ಗಳಲ್ಲಿ ಒಬ್ಬರಾದರು. ಮಂಡಿ ಒಪ್ಪಿದರೆ ಮಾತ್ರ ಈ ಕೆಲಸಕ್ಕೆ ಇಳಿಯಿರಿ, ಏಕೆಂದರೆ ದಿನವಿಡೀ ನಿಲ್ಲಬೇಕು. ಆಡಿದ ಅನುಭವವೊಂದೇ ಸಾಲದು, ನಿಯಮಗಳನ್ನು ಹೊಸದಾಗಿ ಓದಬೇಕು. ಚೆಂಡು ಪ್ಯಾಡಿಗೆ ಬಡಿದು ಓಡಿದ ಮಾತ್ರಕ್ಕೆ ಲೆಗ್‌ಬೈ ಸಿಗುವುದಿಲ್ಲ. ಬ್ಯಾಟರ್ ಹೊಡೆಯಲು ಯತ್ನಿಸಿರಬೇಕು, ಇಲ್ಲವೇ ಪೆಟ್ಟು ತಪ್ಪಿಸಿಕೊಳ್ಳುತ್ತಿರಬೇಕು. ವರ್ಷಗಟ್ಟಲೆ ಆಡಿದವರಿಗೂ ಇದು ಗೊತ್ತಿರುವುದಿಲ್ಲ. ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ ಅಂಪೈರ್‌ಗಳಿಗೆ ಪರೀಕ್ಷೆ ನಡೆಸುತ್ತದೆ. ಮೈಸೂರು ವಲಯದ ಸಂಚಾಲಕರನ್ನು ವಿಚಾರಿಸಿ.

ನಮ್ಮವರೇ ಈ ದಾರಿ ತುಳಿದಿದ್ದಾರೆ. ಕರ್ನಾಟಕದ ಆಟಗಾರರಾಗಿದ್ದ ಎ.ವಿ. ಜಯಪ್ರಕಾಶ್ 1999ರಲ್ಲಿ ದೆಹಲಿಯ ಟೆಸ್ಟ್‌ನಲ್ಲಿ ಅಂಪೈರ್ ಆಗಿದ್ದರು. ಅನಿಲ್ ಕುಂಬ್ಳೆ ಒಂದೇ ಇನಿಂಗ್ಸ್‌ನಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ ಕಿತ್ತ ಪಂದ್ಯ ಅದು. ಮೈಸೂರು ತಂಡಕ್ಕೆ ಬೌಲ್ ಮಾಡಿದ್ದ ಜಿ. ಕಸ್ತೂರಿರಂಗನ್ ಮುಂದೆ ಚಿನ್ನಸ್ವಾಮಿ ಕ್ರೀಡಾಂಗಣದ ಪಿಚ್ ನೋಡಿಕೊಂಡರು. ಬೌಲರ್ ಆಗಿದ್ದವರಿಗೆ ಮಣ್ಣಿನ ಗುಣ ಗೊತ್ತಿರುತ್ತದಲ್ಲ!

ಕೆಳ ಹಂತದ ಕ್ರಿಕೆಟ್ಟಿಗೆ ಇಂಥವರೇ ಬೇಕು. ಅಲ್ಲಿ ಎಷ್ಟೋ ಸಲ ಔಟಾಗಿ ಬಂದ ಹುಡುಗನೇ ಪೆನ್ಸಿಲ್ ಹಿಡಿಯುತ್ತಾನೆ, ಮುಂದಿನ ಬ್ಯಾಟರ್ ಅಂಪೈರ್ ಆಗಿ ನಿಲ್ಲುತ್ತಾನೆ. ಒಬ್ಬನ ಗಮನ ತನ್ನ ವಿಕೆಟ್ ಮೇಲೆ, ಇನ್ನೊಬ್ಬನದು ತನ್ನ ಸರದಿಯ ಮೇಲೆ. ತಪ್ಪು ನುಸುಳುತ್ತದೆ, ಜಗಳ ಹುಟ್ಟುತ್ತದೆ. ಹದಿನಾರರ ಹುಡುಗನೊಬ್ಬ ಕಷ್ಟಪಟ್ಟು ಗಳಿಸಿದ ನಲವತ್ತು ರನ್ ಪುಸ್ತಕದಲ್ಲಿ ನಲವತ್ತಾಗಿಯೇ ಉಳಿಯಲು ನಿಮ್ಮಂಥ ಅನುಭವಿ ಅಲ್ಲಿ ಕೂತಿರಬೇಕು.

ಈ ವಾರವೇ ನಿಮ್ಮ ಹಳೆಯ ಕ್ಲಬ್ಬಿನ ಕಾರ್ಯದರ್ಶಿಗೆ ಫೋನ್ ಮಾಡಿ, ಮುಂದಿನ ಪಂದ್ಯಕ್ಕೆ ಸ್ಕೋರ್ ಬರೆಯುತ್ತೇನೆಂದು ಹೇಳಿ. ಬೇಡ ಎನ್ನುವ ಕಾರ್ಯದರ್ಶಿ ಸಿಗುವುದು ಕಷ್ಟ.