ಗಿರಣಿಯೊಳಗಿನ ರಂಗ

ರಂಗಭೂಮಿಯ ಚರಿತ್ರೆಯೆಂದರೆ ನಾಟಕಕೃತಿಗಳ ಚರಿತ್ರೆ ಎಂದು ಓದುವ ರೂಢಿ ಪಠ್ಯಕ್ರಮಗಳಲ್ಲಿ ಬಲವಾಗಿ ಬೇರೂರಿದೆ. ಕೃತಿ, ಕರ್ತೃ, ಕಾಲ ಇವಿಷ್ಟನ್ನು ಬರೆದರೆ ಉತ್ತರ ಮುಗಿಯಿತು. ಆಟ ನಡೆದ ಜಾಗ ಯಾವುದು, ಅದಕ್ಕೆ ಮೊದಲು ಅಲ್ಲಿ ಏನಿತ್ತು ಎಂಬ ಪ್ರಶ್ನೆ ಏಳುವುದೇ ಇಲ್ಲ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದ ಪ್ರಯೋಗಶೀಲ ರಂಗಭೂಮಿಯನ್ನು ಈ ಪ್ರಶ್ನೆಯಿಲ್ಲದೆ ಅಭ್ಯಸಿಸಲಾಗದು. ಅದು ರಂಗಮಂದಿರವನ್ನು ತೊರೆದು ಕಾರ್ಖಾನೆಯನ್ನು ಹೊಕ್ಕಿತು.

1968ರಲ್ಲಿ ನ್ಯೂಯಾರ್ಕಿನಲ್ಲಿ ರಿಚರ್ಡ್ ಶೆಕ್ನರ್ ಅವರ ತಂಡವು ಹಳೆಯ ಲೋಹದ ಕಾರ್ಖಾನೆಯೊಂದನ್ನು ಪಡೆದು ಅದನ್ನು ‘ಪರ್ಫಾರ್ಮಿಂಗ್ ಗ್ಯಾರೇಜ್’ ಎಂದು ಕರೆಯಿತು. ಯೂರಿಪಿಡೀಸನ ನಾಟಕವನ್ನು ಆಧರಿಸಿದ ‘ಡಯೊನೈಸಸ್ ಇನ್ 69’ ಅಲ್ಲಿ ನಡೆದಾಗ ಪ್ರೇಕ್ಷಕರಿಗೆ ಕುರ್ಚಿಗಳ ಸಾಲಿರಲಿಲ್ಲ. ಅವರು ಮರದ ಅಟ್ಟಣೆಗಳ ಮೇಲೆ, ನೆಲದ ಮೇಲೆ, ನಟರ ನಡುವೆಯೇ ಕುಳಿತರು. 1970ರಲ್ಲಿ ಪ್ಯಾರಿಸಿನ ಅಂಚಿನ ವ್ಯಾನ್ಸೆನ್ ಕಾಡಿನಲ್ಲಿ ಆರಿಯಾನ್ ಮ್ನೂಷ್ಕಿನ್ ಅವರ ತಂಡವು ಸೇನೆಯ ಹಳೆಯ ಕಾಡತೂಸು ಕಾರ್ಖಾನೆಗೆ ಬಂದು ನೆಲೆಸಿತು. ಫ್ರೆಂಚ್ ಕ್ರಾಂತಿಯನ್ನು ಕುರಿತ ‘1789’ ನಾಟಕದಲ್ಲಿ ಸುತ್ತಲೂ ಹಲವು ವೇದಿಕೆಗಳು, ನಡುವೆ ನಿಂತ ಜನ. ಆ ಜನ ನೋಡುವವರೂ ಹೌದು, ಪ್ಯಾರಿಸಿನ ಬೀದಿಯಲ್ಲಿ ಸೇರಿದ ಗುಂಪೂ ಹೌದು.

ಕಾರ್ಖಾನೆಯೇ ಏಕೆ? ಅಗ್ಗವಾಗಿ ದೊರೆಯುವುದು ಮೊದಲ ಕಾರಣ. ವಿಮರ್ಶಕರು ಇದನ್ನು ಹೇಳಲು ಸಂಕೋಚಪಡುತ್ತಾರೆ. ಯಂತ್ರಗಳಿಗಾಗಿ ಕಟ್ಟಿದ ಎತ್ತರದ ಮಾಡು, ಅಡ್ಡಗೋಡೆಗಳಿಲ್ಲದ ವಿಶಾಲ ನೆಲ ಇನ್ನೊಂದು ಕಾರಣ. ಅಲ್ಲಿ ಪರದೆ ಎಳೆದು ಲೋಕವನ್ನು ಎರಡಾಗಿ ಸೀಳುವ ಚೌಕಟ್ಟಿಲ್ಲ. ಬರಿದಾದ ಯಾವ ಜಾಗವೂ ರಂಗವಾಗಬಲ್ಲದೆಂಬ ವಿಚಾರವನ್ನು ಪೀಟರ್ ಬ್ರೂಕ್ 1968ರಲ್ಲಿಯೇ ತಮ್ಮ ‘ದಿ ಎಂಪ್ಟಿ ಸ್ಪೇಸ್’ ಗ್ರಂಥದಲ್ಲಿ ಮಂಡಿಸಿದ್ದರು. ವಿಚಾರ ಆಕರ್ಷಕವಾದದ್ದು. ಆದರೆ ಕಾರ್ಖಾನೆ ತಾನಾಗಿ ಬರಿದಾಗಿರುವುದಿಲ್ಲ, ಯಾರನ್ನೋ ಹೊರಗೆ ಕಳುಹಿಸಿದ ಮೇಲೆ ಬರಿದಾಗುತ್ತದೆ.

ಮುಂಬಯಿಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಮರಾಠಿಯ ಪ್ರಾಯೋಗಿಕ ರಂಗಭೂಮಿ 1970ರ ದಶಕದಲ್ಲಿ ದಾದರಿನ ಛಬಿಲದಾಸ ಶಾಲೆಯ ಸಭಾಂಗಣದಲ್ಲಿ ಬೆಳೆಯಿತು. ಅದು ಎರವಲು ಜಾಗ. ಮಹಾಲಕ್ಷ್ಮಿಯ ಲಕ್ಷ್ಮೀ ಮಿಲ್ಸ್ ಆವರಣದ ಗೋದಾಮಿನಲ್ಲಿ ರೂಪುಗೊಂಡ ‘ಜಿ-ಫೈವ್-ಎ’ಯ ‘ಬ್ಲ್ಯಾಕ್ ಬಾಕ್ಸ್’ ರಂಗ ಬೇರೆ ಬಗೆಯದು. ಇಲ್ಲಿ ಆಸನಗಳನ್ನು ಪ್ರಯೋಗಕ್ಕೆ ತಕ್ಕಂತೆ ಜೋಡಿಸಬಹುದು. ನಾಟಕ, ನೃತ್ಯ, ಸಂಗೀತ, ಚಲನಚಿತ್ರ ಎಲ್ಲಕ್ಕೂ ಎಡೆಯಿದೆ. ಗಿರಣಿಯ ನೆಲಗಳು ಮಾಲ್‌ಗಳಾಗಿ, ಗಗನಚುಂಬಿ ಕಟ್ಟಡಗಳಾಗಿ ಮಾರ್ಪಟ್ಟ ನಗರದಲ್ಲಿ ಒಂದು ಗೋದಾಮು ರಂಗವಾಗಿ ಉಳಿದದ್ದು ಸಣ್ಣ ಮಾತಲ್ಲ. ಆದರೂ ಆ ನೆಲದ ಹಿಂದಣ ಕಥೆಯನ್ನು ಮರೆಯಲಾಗದು. 1854ರಲ್ಲಿ ಮೊದಲ ಬಟ್ಟೆ ಗಿರಣಿ ಸ್ಥಾಪನೆಯಾದ ಈ ನಗರದಲ್ಲಿ, 1982ರ ಜನವರಿ 18ರಂದು ದತ್ತಾ ಸಾಮಂತರ ನಾಯಕತ್ವದಲ್ಲಿ ಸುಮಾರು 2.5 ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಬಹಳಷ್ಟು ಮಂದಿ ಮತ್ತೆ ಕೆಲಸಕ್ಕೆ ಮರಳಲೇ ಇಲ್ಲ. ಕೊಂಕಣ, ಸಾತಾರಾ, ಕೊಲ್ಹಾಪುರಗಳಂತೆ ಸಾಂಗಲಿ ಜಿಲ್ಲೆಯೂ ಆ ಗಿರಣಿಗಳಿಗೆ ಜನರನ್ನು ಕಳುಹಿಸಿದ ಸೀಮೆ.

ಆ ಜನ ತಮ್ಮ ರಂಗವನ್ನೂ ಜೊತೆಗೆ ಒಯ್ದಿದ್ದರು. ಸಾಂಗಲಿ ಜಿಲ್ಲೆಯ ವಾಳವಾ ತಾಲ್ಲೂಕಿನ ವಾಟೆಗಾಂವದಲ್ಲಿ 1920ರಲ್ಲಿ ಜನಿಸಿದ ಅಣ್ಣಾಭಾವು ಸಾಠೆ ಬಾಲ್ಯದಲ್ಲಿಯೇ ಮುಂಬಯಿ ಸೇರಿ ಗಿರಣಿಯಲ್ಲಿ ದುಡಿದವರು. 1944ರಲ್ಲಿ ಅಮರ ಶೇಖ, ದ. ನಾ. ಗವಾಣಕರ ಅವರೊಡನೆ ‘ಲಾಲ ಬಾವಟಾ ಕಲಾಪಥಕ’ವನ್ನು ಕಟ್ಟಿದರು. ಅವರು ತಮಾಷಾವನ್ನು ಲೋಕನಾಟ್ಯವಾಗಿ ಪುನಾರಚಿಸಿದ ಬಗೆ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ವಿಶೇಷ ಅಭ್ಯಾಸಯೋಗ್ಯ. ತಮಾಷಾ ‘ಗಣ’ದಿಂದ, ಎಂದರೆ ಗಣಪತಿಯ ಸ್ತುತಿಯಿಂದ ಆರಂಭವಾಗುತ್ತದೆ, ಬಯಲಾಟದಲ್ಲಿಯೂ ಗಣಸ್ತುತಿಯೇ ಮೊದಲು. ಸಾಠೆಯವರು ಆ ಸ್ಥಾನವನ್ನು ಉಳಿಸಿಕೊಂಡು, ಅಲ್ಲಿ ತಾಯ್ನೆಲಕ್ಕೂ ದುಡಿಯುವ ಜನಕ್ಕೂ ವಂದನೆಯನ್ನು ಇರಿಸಿದರು. ರೂಪ ಹಳೆಯದು, ಉದ್ದೇಶ ಹೊಸದು. ಪ್ರಯೋಗಶೀಲತೆ ಎಂಬ ಪದವನ್ನು ಇಲ್ಲಿ ಬಳಸಲು ವಿಮರ್ಶೆ ಹಿಂಜರಿಯುವುದೇಕೆ? ಗೋದಾಮಿನೊಳಗೆ ಕಪ್ಪು ಬಣ್ಣ ಬಳಿಯುವುದಕ್ಕೆ ದಶಕಗಳ ಮುನ್ನವೇ ಗಿರಣಗಾಂವ ರಂಗಭೂಮಿಯಾಗಿತ್ತು.

ದುಡಿಮೆಯ ನೆಲ ಆಟದ ನೆಲವಾಗುವುದು ಗಡಿಭಾಗದ ಕನ್ನಡಿಗರಿಗೆ ಹೊಸತಲ್ಲ. ಹಳಗನ್ನಡದ ‘ಕಳ’ ಎಂಬ ಪದಕ್ಕೆ ತೆನೆ ಒಕ್ಕುವ ಜಾಗ, ಯುದ್ಧಭೂಮಿ ಎಂಬ ಎರಡೂ ಅರ್ಥಗಳಿವೆ. ತಮಿಳಿನ ‘ಕಳಂ’ ಕೂಡ ಹಾಗೆಯೇ. ಇಂದಿನ ‘ಕಣ’ ಕುಸ್ತಿಯನ್ನು ದಾಟಿ ಚುನಾವಣೆಯವರೆಗೆ ಹಬ್ಬಿದೆ. (ಮರಾಠಿಯ ‘ಖಳೆ’ಗೆ ಈ ವಿಸ್ತಾರವಿಲ್ಲ.) ಸುಗ್ಗಿ ಮುಗಿದು ಹೊಲ ಬಯಲಾದಾಗ ಅಟ್ಟ ಕಟ್ಟುತ್ತಾರೆ, ಪಾರಿಜಾತವೋ ಸಣ್ಣಾಟವೋ ಬೆಳಗಿನವರೆಗೆ ನಡೆಯುತ್ತದೆ, ಅಟ್ಟ ಬಿಚ್ಚುತ್ತಾರೆ. ಮಳೆ ಬಿದ್ದರೆ ಅದೇ ನೆಲದಲ್ಲಿ ಜೋಳ ಬಿತ್ತುವವರೂ ಆಟ ಕಟ್ಟಿದವರೇ. ಗಿರಣಿಯ ಗೋದಾಮಿನಲ್ಲಿ ಆಟ ಮುಗಿದ ಮೇಲೆ ಹತ್ತಿಯ ಮೂಟೆ ಮರಳಿ ಬರುವುದಿಲ್ಲ, ಅದನ್ನು ಹೊರುತ್ತಿದ್ದವರೂ ಬರುವುದಿಲ್ಲ. ಎರಡೂ ರೂಪಾಂತರಗಳೇ, ಒಂದೇ ಹೆಸರಿನಿಂದ ಕರೆದರೆ ಈ ವ್ಯತ್ಯಾಸ ಕಣ್ಣಿಗೆ ಬೀಳದು.

ಜತ್ತ ತಾಲ್ಲೂಕಿನ ಹಳ್ಳಿಗಳಲ್ಲಿ ಮುಂಬಯಿಗೆ ಹೋಗಿ ದುಡಿದು ಬಂದ ಹಿರಿಯರು ದೊರೆತರೆ ವಿದ್ಯಾರ್ಥಿಗಳು ಅವರಿಂದ ಕೇಳಿ ಬರೆದುಕೊಳ್ಳಬೇಕಾದುದು ಇಷ್ಟು: ಚಾಳಿನ ಯಾವ ಅಂಗಳದಲ್ಲಿ ಯಾವ ಆಟ ಆಡಿದರು, ಯಾವ ಹಬ್ಬಕ್ಕೆ, ಪದಗಳು ಕನ್ನಡದವೋ ಮರಾಠಿಯವೋ, ವಾದ್ಯ ಯಾರದು, ಆ ಅಂಗಳದಲ್ಲಿ ಈಗ ಏನಿದೆ.