ಹಕ್ಕಲು ಜಾಗವನ್ನು ಕುದುರೆ ಮೇಯಿಸಲು ಬಾಡಿಗೆಗೆ ಕೊಡಬಹುದೇ?



ಕಳೆದ ಮಾಸಿಕ ಸಭೆ ಮುಗಿದು ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ ನಮ್ಮ ಹಿರಿಯ ಸದಸ್ಯರೊಬ್ಬರು ಒಂದು ಪ್ರಶ್ನೆ ಎತ್ತಿದರು. ಅವರಿಗೆ ಎರಡು ಎಕರೆ ಅಡಿಕೆ, ಒಂದೂವರೆ ಎಕರೆ ಕಾಫಿ, ಅದರ ನೆತ್ತಿಯ ಮೇಲೆ ಮೂರು ಎಕರೆ ಹಕ್ಕಲು. ಎಲೆಚುಕ್ಕೆ ರೋಗದಿಂದ ಅಡಿಕೆಯ ಫಸಲು ಅರ್ಧಕ್ಕೆ ಇಳಿದಿದೆ. ಸಾಲದ ಎರಡು ಕಂತು ಬಾಕಿ ನಿಂತಿದೆ. ಹೀಗಿರುವಾಗ ಸಮೀಪದ ರೆಸಾರ್ಟಿನವರು ಬಂದು, ಅತಿಥಿಗಳ ಸವಾರಿಗೆಂದು ನಾಲ್ಕು ಕುದುರೆ ತರಿಸುತ್ತೇವೆ, ಅವು ಮೇಯಲು ಹಕ್ಕಲನ್ನು ಐದು ವರ್ಷಕ್ಕೆ ಬಿಟ್ಟುಕೊಡಿ, ತಿಂಗಳು ತಿಂಗಳು ಬಾಡಿಗೆ ಕೊಡುತ್ತೇವೆ ಎಂದಿದ್ದಾರೆ. "ನೀವೇ ಹೇಳಿ ಮಾರಾಯ್ರೆ, ಏನೂ ಬೆಳೆಯದ ಜಾಗ. ಕುದುರೆ ಮೇದುಕೊಂಡು ಹೋದರೆ ನನ್ನ ಗಂಟೇನು ಹೋಗುತ್ತದೆ?" ಎಂಬುದು ಅವರ ಪ್ರಶ್ನೆ. ಹೆಸರು ಹಾಕಬಾರದೆಂಬ ಷರತ್ತಿನ ಮೇಲೆ, ಅವರ ಒಪ್ಪಿಗೆ ಪಡೆದೇ ಈ ವಿಷಯವನ್ನು ಇಲ್ಲಿ ಬರೆಯುತ್ತಿದ್ದೇವೆ. ಇಂಥ ಕೇಳಿಕೆ ನಾಳೆ ಇನ್ನೊಬ್ಬರ ಅಂಗಳಕ್ಕೂ ಬರಬಹುದು.

ಅವರ ಮಗಳು ಅಳಿಯ ಇಂಗ್ಲೆಂಡಿನಲ್ಲಿದ್ದಾರೆ. ಅಲ್ಲಿ ರೈತರು ಬೆಳೆಗೆ ಬಾರದ ನೆಲವನ್ನು ಕುದುರೆ ಸಾಕುವವರಿಗೆ ಕೊಟ್ಟು ಹಣ ಮಾಡುತ್ತಾರೆಂದು ಮಗಳು ಫೋನಿನಲ್ಲಿ ಹೇಳಿದ್ದಳಂತೆ. ಮಾತು ನಿಜವೇ. ಅಲ್ಲಿ ಬಡ ನೆಲವನ್ನು ಹುಡುಕಿಕೊಂಡು ಬರುವುದಕ್ಕೆ ಒಂದು ಕಾರಣವೂ ಉಂಟು: ಹಸುಗಳಿಗೆಂದು ಗೊಬ್ಬರ ಹಾಕಿ ಬೆಳೆಸಿದ ಕೊಬ್ಬಿದ ಹುಲ್ಲಿನಲ್ಲಿ ಸಕ್ಕರೆಯ ಅಂಶ ಹೆಚ್ಚು, ಅದನ್ನು ಅತಿಯಾಗಿ ತಿಂದ ಕುದುರೆಗೆ ಗೊರಸಿನ ಒಳಭಾಗ ಉರಿಗೊಂಡು ಹೆಜ್ಜೆ ಇಡಲಾಗದ ರೋಗ ಬರುತ್ತದೆ. ಒಂದು ಹೆಕ್ಟೇರಿಗೆ ಎರಡು ಕುದುರೆ, ಅಂದರೆ ಕುದುರೆಯೊಂದಕ್ಕೆ ಸುಮಾರು ಒಂದೂಕಾಲು ಎಕರೆ ಎಂಬುದು ಬ್ರಿಟಿಷ್ ಹಾರ್ಸ್ ಸೊಸೈಟಿಯವರು ಹೇಳುವ ಸಾಮಾನ್ಯ ಲೆಕ್ಕ. ಆದರೆ ಅಲ್ಲಿ ಮಳೆ ವರ್ಷವಿಡೀ ಹಂಚಿಕೊಂಡು ಬೀಳುತ್ತದೆ. ನಮ್ಮಲ್ಲಿ ನಾಲ್ಕು ತಿಂಗಳು ಸುರಿದು, ಆಮೇಲೆ ಬೆಟ್ಟವೇ ಒಣಗುತ್ತದೆ. ಅಲ್ಲಿಯ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ. ಅಲ್ಲಿಯ ಕಾನೂನಂತೂ ಮೊದಲೇ ಹೊಂದುವುದಿಲ್ಲ.

ಕಾನೂನಿನ ಮಾತನ್ನೇ ಮೊದಲು ಹೇಳಿಬಿಡೋಣ. 1974ರ ಮಾರ್ಚ್ 1 ಎಂಬ ತಾರೀಖನ್ನು ಮಲೆನಾಡಿನ ಹಳೆಯ ಮನೆಗಳಲ್ಲಿ ಯಾರಿಗೂ ನೆನಪಿಸಬೇಕಾಗಿಲ್ಲ. ಅಂದು ಗೇಣಿದಾರರ ಸ್ವಾಧೀನದಲ್ಲಿದ್ದ ಜಮೀನುಗಳು ಸರ್ಕಾರಕ್ಕೆ ಸೇರಿ, ಏಳನೇ ನಮೂನೆಯ ಅರ್ಜಿ ಹಾಕಿದ ಉಳುವವರಿಗೆ ಹಕ್ಕಾಗಿ ಬಂದವು. ಆ ಕಾಯಿದೆಯಿಂದ ಜಮೀನು ಪಡೆದವರೂ ಕಳೆದುಕೊಂಡವರೂ ನಮ್ಮ ಸಂಘದಲ್ಲಿ ಅಕ್ಕಪಕ್ಕದಲ್ಲೇ ಕುಳಿತುಕೊಳ್ಳುತ್ತಾರೆ. ಅದರ ನ್ಯಾಯಾನ್ಯಾಯ ಇಲ್ಲಿ ನಮ್ಮ ವಿಷಯವಲ್ಲ. ವಿಷಯವಿಷ್ಟೆ: ಕರ್ನಾಟಕ ಭೂ ಸುಧಾರಣಾ ಕಾಯಿದೆಯ 5ನೇ ಕಲಮಿನಂತೆ ಕೃಷಿ ಜಮೀನನ್ನು ಗೇಣಿಗೆ ಕೊಡುವುದು ಇಂದಿಗೂ ನಿಷಿದ್ಧ. ಸೈನಿಕರಿಗೆ, ನಾವಿಕರಿಗೆ ಇರುವಂಥ ವಿನಾಯಿತಿಗಳು ನಮಗೆ ಅನ್ವಯಿಸವು. 2020ರ ತಿದ್ದುಪಡಿಯಲ್ಲಿ ಕೃಷಿಕರಲ್ಲದವರು ಜಮೀನು ಕೊಳ್ಳಲು ಇದ್ದ ಅಡ್ಡಿ ತೆಗೆಯಲ್ಪಟ್ಟಿತೇ ವಿನಾ ಗೇಣಿಯ ನಿಷೇಧ ಹಾಗೆಯೇ ಉಳಿಯಿತು. "ಇದು ಸಾಗುವಳಿ ಅಲ್ಲವಲ್ಲ, ಬರೀ ಹುಲ್ಲು" ಎನ್ನುವವರಿದ್ದಾರೆ. ಆ ಕಾಯಿದೆಯ ಅರ್ಥವಿವರಣೆಯಲ್ಲಿ ಹುಲ್ಲು ಬೆಳೆಯುವುದೂ ದನ ಮೇಯಿಸುವುದೂ ಕೃಷಿಯೇ, ಹುಲ್ಲುಗಾವಲೂ ಜಮೀನೇ. ಪತ್ರಕ್ಕೆ ಬಾಡಿಗೆ, ಗುತ್ತಿಗೆ, ಕರಾರು ಎಂದು ಯಾವ ಹೆಸರಿಟ್ಟರೂ ಒಳಗಿನ ಸಂಗತಿ ಬದಲಾಗುವುದಿಲ್ಲ. ಐದು ವರ್ಷದ ಪತ್ರ, ಬೇಲಿ ಅವರದು, ಬೀಗದ ಕೈ ಅವರ ಹತ್ತಿರ, ಬಾಡಿಗೆಯ ರಸೀತಿಗಳು ಬೇರೆ: ಇಷ್ಟಾದ ಮೇಲೆ ಪಹಣಿಯ 12ನೇ ಕಲಮಿನಲ್ಲಿ ಯಾರ ಹೆಸರು ಬರಬೇಕೆಂಬ ತಕರಾರು ಹುಟ್ಟಿದರೆ ಆಶ್ಚರ್ಯವಿಲ್ಲ. ಸವಾರಿಯ ಅಂಗಳವನ್ನೂ ಲಾಯವನ್ನೂ ಅಲ್ಲೇ ಕಟ್ಟಿದರಂತೂ ಭೂಪರಿವರ್ತನೆಯ ಪ್ರಶ್ನೆ ಹೆಚ್ಚಾಗಿ ಬರುತ್ತದೆ, ಮತ್ತು ನೋಟೀಸು ಬರುವುದು ಖಾತೆದಾರನಿಗೆ.

ಇನ್ನೊಂದು ಸೂಕ್ಷ್ಮವಿದೆ. ನಾವು "ನಮ್ಮ ಹಕ್ಕಲು" ಎನ್ನುವುದೆಲ್ಲ ನಮ್ಮದಲ್ಲ. ಸೊಪ್ಪಿನಬೆಟ್ಟ, ಕಾನೆ, ಬಾಣೆ, ಕುಮ್ಕಿ ಇವುಗಳಲ್ಲಿ ಭೂಕಂದಾಯ ಕಾಯಿದೆಯ 79ನೇ ಕಲಮಿನಂತೆ ನಮಗಿರುವುದು ಸವಲತ್ತು ಮಾತ್ರ: ತೋಟಕ್ಕೆ ಸೊಪ್ಪು, ಮನೆಗೆ ಸೌದೆ, ನಮ್ಮ ದನಕ್ಕೆ ಮೇವು. ಅದನ್ನು ಹೊರಗಿನವರಿಗೆ ಹಣಕ್ಕೆ ಬಿಟ್ಟರೆ ಸವಲತ್ತಿಗೇ ಸಂಚಕಾರ. ಸದರಿ ಸದಸ್ಯರ ಮೂರು ಎಕರೆಯ ಪಹಣಿ ತೆಗೆಸಿ ನೋಡಿದಾಗ ಒಂದು ಎಕರೆ ಹತ್ತು ಗುಂಟೆ ಮಾತ್ರ ಅವರ ಖಾತೆಯದು, ಮಿಕ್ಕಿದ್ದು ಸೊಪ್ಪಿನಬೆಟ್ಟ. ತಂದೆಯ ಕಾಲದಿಂದ ಎಲ್ಲವೂ ತಮ್ಮದೆಂದೇ ಅವರು ತಿಳಿದಿದ್ದರು.

ಇನ್ನು ಹುಲ್ಲಿನ ಲೆಕ್ಕ. ಇದನ್ನು ಯಾರು ಬೇಕಾದರೂ ಮಾಡಬಹುದು. ಮಳೆ ಬಿಟ್ಟು ಹುಲ್ಲು ತೆನೆ ಹಿಡಿಯುವ ಹೊತ್ತಿಗೆ ಒಂದು ಮೀಟರು ಉದ್ದ, ಒಂದು ಮೀಟರು ಅಗಲದ ಬಿದಿರಿನ ಚೌಕಟ್ಟನ್ನು ಹಕ್ಕಲಿನಲ್ಲಿ ಹತ್ತು ಕಡೆ ಕಣ್ಣುಮುಚ್ಚಿ ಎಸೆಯಿರಿ. ಒಳಗೆ ಸಿಕ್ಕಿದ ಹುಲ್ಲನ್ನು ಕೊಯ್ದು, ಗರಿಗರಿಯಾಗುವಂತೆ ಒಣಗಿಸಿ, ತೂಗಿ ಸರಾಸರಿ ತೆಗೆಯಿರಿ. ಚದರ ಮೀಟರಿಗೆ 300 ಗ್ರಾಂ ಬಂತೆಂದು ಇಟ್ಟುಕೊಳ್ಳಿ. ಎಕರೆಗೆ ಸುಮಾರು 4,000 ಚದರ ಮೀಟರು. ಆದ್ದರಿಂದ 1,200 ಕಿಲೋ. ಇದರಲ್ಲಿ ಅರ್ಧವನ್ನು ನೆಲದ ಮೇಲೆ ಬಿಡಲೇಬೇಕು, ಇಲ್ಲವಾದರೆ ಮುಂದಿನ ಮುಂಗಾರಿಗೆ ಮಣ್ಣು ಹಳ್ಳ ಸೇರುತ್ತದೆ. ಉಳಿದದ್ದು 600 ಕಿಲೋ. 400 ಕಿಲೋ ತೂಕದ ಕುದುರೆಗೆ ದಿನಕ್ಕೆ ಒಣ ಲೆಕ್ಕದಲ್ಲಿ ಎಂಟು ಕಿಲೋ ಮೇವು ಬೇಕು. ನಾಲ್ಕು ಕುದುರೆಗೆ 32 ಕಿಲೋ. ಮೂರು ಎಕರೆಯೂ ಸಿಕ್ಕಿತೆಂದೇ ಹಿಡಿದರೂ 1,800 ಕಿಲೋ ಹುಲ್ಲು 56 ದಿನಕ್ಕೆ ಮುಗಿಯಿತು! ಮಿಕ್ಕ ಮುನ್ನೂರು ದಿನ ಮೇವು ಹೊರಗಿನಿಂದ ಬರುತ್ತದೆ, ಹಕ್ಕಲು ಬರೀ ತುಳಿದಾಟದ ಅಂಗಳವಾಗುತ್ತದೆ.

ಕುದುರೆ ಮೇಯುವ ರೀತಿಯೂ ದನದಂತಲ್ಲ. ದನ ನಾಲಿಗೆಯಿಂದ ಸುತ್ತಿ ಎಳೆಯುತ್ತದೆ; ಕುದುರೆಗೆ ಮುಂಬಲ್ಲು ಮೇಲೆ ಕೆಳಗೆ ಎರಡೂ ಕಡೆ ಇರುವುದರಿಂದ ಬುಡಕ್ಕೇ ಕತ್ತರಿಸುತ್ತದೆ. ರುಚಿಯಾದ ಕಡೆ ನೆಲ ಬೋಳು, ಲದ್ದಿ ಹಾಕಿದ ಕಡೆ ಹುಲ್ಲು ಮೊಣಕಾಲೆತ್ತರ. ಮರಗಳ ತೊಗಟೆಯ ಚಟವೂ ಅದಕ್ಕುಂಟು. ಕೆಲವು ವರ್ಷಗಳ ಹಿಂದೆ ಪರಿಚಯದವರೊಬ್ಬರ ಎರಡು ಕುದುರೆಗಳನ್ನು ದಾಕ್ಷಿಣ್ಯಕ್ಕೆ ಒಂದು ತಿಂಗಳು ನಮ್ಮ ಬ್ಯಾಣದಲ್ಲಿ ಬಿಟ್ಟುಕೊಂಡಿದ್ದೆವು. ಅಂಚಿನ ಹನ್ನೊಂದು ಸಿಲ್ವರ್ ಮರಗಳ ತೊಗಟೆಯನ್ನು ಸುತ್ತಲೂ ಸುಲಿದು ಹಾಕಿದವು. ಎರಡು ಬೇಸಿಗೆಯೊಳಗೆ ಏಳು ಮರ ಒಣಗಿದವು. ಅವುಗಳ ಮೇಲಿದ್ದ ಮೆಣಸಿನ ಬಳ್ಳಿಗೆ ಹನ್ನೆರಡು ವರ್ಷ. ಪರಿಚಯದವರನ್ನು ಏನೂ ಕೇಳಲಾಗಲಿಲ್ಲ, ಬಾಯಿಮಾತಿನ ವ್ಯವಹಾರ ನೋಡಿ.

ಮಲೆನಾಡು ಕುದುರೆಗೂ ಸುಖದ ಜಾಗವಲ್ಲ. ಹೈದರ್, ಟಿಪ್ಪು ಕಾಲದಿಂದ ಕುದುರೆ ಸಾಕಣೆಗೆ ಹೆಸರಾದ ಕುಣಿಗಲ್ ಇರುವುದು ಬಯಲುಸೀಮೆಯಲ್ಲಿ. ನಮ್ಮ ಜಡಿಮಳೆಯ ಕೆಸರಿನಲ್ಲಿ ಗೊರಸು ಕೊಳೆಯುತ್ತದೆ. ಬೆಟ್ಟದ ಜರಿಗಿಡ, ಲಂಟಾನ ಎರಡೂ ಅದಕ್ಕೆ ವಿಷ. ಹೊಸ ತೋಟದಲ್ಲಿ ಹಸುರುಗೊಬ್ಬರಕ್ಕೆಂದು ನಾವು ಬಿತ್ತುವ ಕ್ರೊಟಲೇರಿಯ ಜಾತಿಯ ಗಿಡಗಳಲ್ಲಿ ಕೆಲವು ಕುದುರೆಯ ಯಕೃತ್ತನ್ನೇ ಕೆಡಿಸುತ್ತವೆ. ಹಕ್ಕಲಿನಲ್ಲಿ ಗಿನಿ ಹುಲ್ಲು, ನೇಪಿಯರ್ ಹಾಕಿ ಕೊಡುತ್ತೇನೆಂದರೆ ಅಲ್ಲೂ ತೊಡಕಿದೆ. ಇವುಗಳಲ್ಲಿ ಆಕ್ಸಲೇಟ್ ಅಂಶವುಂಟು. ದನದ ಹೊಟ್ಟೆ ಅದನ್ನು ಅರಗಿಸಿಬಿಡುತ್ತದೆ. ಕುದುರೆಯಲ್ಲಿ ಅದು ಮೇವಿನ ಸುಣ್ಣದಂಶವನ್ನು ಹಿಡಿದಿಟ್ಟುಕೊಂಡು, ಬಹುಕಾಲ ಅದನ್ನೇ ತಿಂದರೆ ಮೂಳೆ ಸೊರಗಿ, ಕುಂಟು ಬಂದು, ಮುಖದ ಮೂಳೆ ಊದಿಕೊಳ್ಳುತ್ತದೆ. ಸುಣ್ಣದಂಶ ಹೇರಳವಾಗಿರುವ ಕುದುರೆಮಸಾಲೆ ಸೊಪ್ಪು ನಮ್ಮ ಹುಳಿ ಮಣ್ಣಿನಲ್ಲಿ ಏಳುವುದಿಲ್ಲ. ಬೆಲೆಬಾಳುವ ಪ್ರಾಣಿ ನಿಮ್ಮ ಹುಲ್ಲು ತಿಂದು ಸತ್ತರೆ ಬಾಡಿಗೆ ಕೊಟ್ಟವರು ಸುಮ್ಮನಿರುವರೇ?

ಆದರೂ ಬಂದ ಲಕ್ಷ್ಮಿಯನ್ನು ಪೂರ್ತಿ ತಳ್ಳಬೇಕೆಂದು ನಾವು ಹೇಳಲಿಲ್ಲ. ಜಾಗ ಕೊಡಬೇಡಿ, ಹುಲ್ಲು ಮಾರಿ ಎಂದೆವು. ಖಾತೆಯ ಜಾಗದಲ್ಲಿ ಬೆಳೆದ ಕರಡವನ್ನು ತೆನೆ ಬಲಿಯುವ ಮೊದಲೇ ಕೊಯ್ದು, ಒಣಗಿಸಿ, ವಿಷದ ಗಿಡಗಳನ್ನು ಆರಿಸಿ ತೆಗೆದು, ತೂಕದ ಮೇಲೆ ಕೊಟ್ಟರೆ ಅದು ಫಸಲಿನ ಮಾರಾಟ. ನೆಲದ ಮೇಲೆ ಯಾರಿಗೂ ಹಕ್ಕು ಹುಟ್ಟದು. ಜತೆಗೆ ಲದ್ದಿಯನ್ನು ಕೇಳಿ. ಕುದುರೆಯೊಂದು ದಿನಕ್ಕೆ ಹದಿನೈದು ಕಿಲೋದಷ್ಟು ಹಾಕುತ್ತದೆ, ನಾಲ್ಕು ಕುದುರೆಯದು ತಿಂಗಳಿಗೆ 1,800 ಕಿಲೋ ಆಯಿತು. ಕೊಟ್ಟಿಗೆ ಗೊಬ್ಬರಕ್ಕೆ ಇಂದು ನಾವು ತೆರುವ ಬೆಲೆ ನೆನೆದರೆ ಇದೇ ದೊಡ್ಡ ಬಾಡಿಗೆ. ಹಸಿಯಾಗಿ ಬುಡಕ್ಕೆ ಹಾಕದೆ, ದರಗಿನೊಡನೆ ಪದರ ಪದರವಾಗಿ ಗುಂಡಿ ತುಂಬಿ ಚೆನ್ನಾಗಿ ಕೊಳೆಸಬೇಕು. ಕುದುರೆ ಲದ್ದಿಯಲ್ಲಿ ಧನುರ್ವಾಯು ರೋಗಾಣು ಇರುತ್ತದೆ, ಆದುದರಿಂದ ಅದನ್ನು ಹೊರುವ ಆಳುಗಳಿಗೆ ಚುಚ್ಚುಮದ್ದು ಹಾಕಿಸಿರಬೇಕು, ಕಾಲಿಗೆ ಬೂಟು ಕೊಡಬೇಕು. ಗ್ಲಾಂಡರ್ಸ್ ಎಂಬ ಅಂಟುರೋಗ ಕುದುರೆಯಿಂದ ಮನುಷ್ಯರಿಗೂ ತಗಲುತ್ತದೆ; ರಕ್ತಪರೀಕ್ಷೆಯ ಪತ್ರವನ್ನು ಪಶುವೈದ್ಯರಿಗೆ ತೋರಿಸಿದ ಮೇಲೆಯೇ ಲದ್ದಿ ಮುಟ್ಟುವುದು ಕ್ಷೇಮ.

ಸದಸ್ಯರು ಮನೆಯವರೊಡನೆ ವಿಚಾರಿಸಿ ಹಾಗೆಯೇ ಮಾಡಿದ್ದಾರೆ. ಕುದುರೆಗಳು ರೆಸಾರ್ಟಿನ ಲಾಯದಲ್ಲೇ ಇರುತ್ತವೆ. ಇವರು ಹುಲ್ಲು ಒದಗಿಸುತ್ತಾರೆ, ವಾರಕ್ಕೊಮ್ಮೆ ಪಿಕಪ್ಪಿನಲ್ಲಿ ಲದ್ದಿ ತರುತ್ತಾರೆ. ಬಾಡಿಗೆಯಿಂದ ಬರುತ್ತಿದ್ದಷ್ಟು ನಗದು ಇದರಲ್ಲಿ ಬಾರದು. ಒಂದು ಕಂತನ್ನು ಈ ಸಲವೂ ಮುಂದೂಡಬೇಕಾಗಿದೆ, ಅದನ್ನು ಆಡಳಿತ ಮಂಡಳಿಯ ಮುಂದಿಡುತ್ತೇವೆ.

ಹುಲ್ಲು ಅಳೆಯುವ ಚೌಕಟ್ಟೊಂದನ್ನು ಮಾಡಿಸಿ ಸಂಘದ ಗೋದಾಮಿನಲ್ಲಿ ಇಟ್ಟಿದ್ದೇವೆ. ಬೇಕಾದವರು ಪುಸ್ತಕದಲ್ಲಿ ರುಜು ಹಾಕಿ ಒಯ್ಯಬಹುದು. ಬರುವಾಗ ತಮ್ಮ ಹಕ್ಕಲಿನ ಪಹಣಿಯನ್ನೂ ತಂದರೆ ಒಟ್ಟಿಗೆ ಕುಳಿತು ನೋಡೋಣ.

— ಕಾರ್ಯದರ್ಶಿ