ಕೆಲಸದ ತಾಣದ ಕ್ಷೇಮವೂ ಧಣಿಯ ಹೊಣೆಯೂ

ಗಂಗಾವತಿ, ಕಾರಟಗಿಗಳ ಅಕ್ಕಿ ಗಿರಣಿಗಳಲ್ಲಿ ಹೆಗಲ ಮೇಲೆ ಮೂಟೆ ಹೊರುವ ಹಮಾಲರು, ಕೊಪ್ಪಳದ ಬಳಿ ಗಿಣಿಗೇರಿಯ ಆಸುಪಾಸಿನ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿಗೆ ನಿಲ್ಲುವ ಗುತ್ತಿಗೆ ಕಾರ್ಮಿಕರು, ಕುಷ್ಟಗಿ ಸೀಮೆಯಲ್ಲಿ ಗ್ರಾನೈಟ್ ಕೊರೆಯುವವರು, ಯಲಬುರ್ಗಾದ ಅಂಗಡಿಗಳಲ್ಲಿ ದಿನವಿಡೀ ನಿಂತೇ ದುಡಿಯುವ ಹೆಣ್ಣುಮಕ್ಕಳು, ಇವರೆಲ್ಲರ ಬೆವರಿನಿಂದ ಈ ನಾಡಿನ ಸಂಪತ್ತು ಬೆಳೆದಿರುವುದಾದರೂ, ದುಡಿಯುವ ತಾಣದಲ್ಲಿ ದೊರೆಯಬೇಕಾದ ನೆರಳು, ನೀರು, ವಿಶ್ರಾಂತಿ, ಗೌರವಗಳು ಧಣಿಯ ದೊಡ್ಡಮನಸ್ಸಿಗೆ ಸೇರಿದವೆಂದೇ ಅವರಲ್ಲಿ ಅನೇಕರು ಭಾವಿಸಿರುವರು. ಕಾನೂನು ಹಾಗೆ ಭಾವಿಸುವುದಿಲ್ಲ. ನ್ಯಾಯೋಚಿತವೂ ಮಾನವೀಯವೂ ಆದ ದುಡಿಮೆಯ ಪರಿಸ್ಥಿತಿಯನ್ನು ಕಲ್ಪಿಸಬೇಕೆಂದು ಸಂವಿಧಾನದ 42ನೆಯ ಅನುಚ್ಛೇದವು ಪ್ರಭುತ್ವಕ್ಕೆ ವಿಧಿಸಿದೆ. ಕಾರ್ಮಿಕನ ಆರೋಗ್ಯವು 21ನೆಯ ಅನುಚ್ಛೇದದ ಜೀವಿಸುವ ಹಕ್ಕಿನಲ್ಲಿಯೇ ಅಡಕವಾಗಿದೆಯೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ, ಕಲ್ನಾರಿನ ಧೂಳಿಗೆ ತುತ್ತಾದ ಕೆಲಸಗಾರರ ಮೊಕದ್ದಮೆಯಲ್ಲಿ, ಸಾರಿದೆ.

ಕಾನೂನು ವಿಧಿಸಿರುವ ಕನಿಷ್ಠ

2025ರ ನವೆಂಬರ್ 21ರಂದು ಜಾರಿಗೆ ಬಂದ, ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯವನ್ನು ಕುರಿತ 2020ರ ಸಂಹಿತೆಯಂತೆ, ಕೆಲಸಕ್ಕೆ ಸೇರಿದವನಿಗೆ ನೇಮಕಾತಿ ಪತ್ರ ಕೊಡತಕ್ಕದ್ದು. ದಿನದ ದುಡಿಮೆ ಎಂಟು ಗಂಟೆಯನ್ನು ಮೀರತಕ್ಕದ್ದಲ್ಲ. ಮೀರಿದ ದುಡಿಮೆಗೆ ಕೆಲಸಗಾರನ ಸಮ್ಮತಿಯೂ ಇಮ್ಮಡಿ ಕೂಲಿಯೂ ಬೇಕು. ವರ್ಷದಲ್ಲಿ 180 ದಿನ ದುಡಿದವನಿಗೆ ಪ್ರತಿ 20 ದಿನಕ್ಕೆ ಒಂದರಂತೆ ಸಂಬಳಸಹಿತ ರಜೆ ಸಲ್ಲುವುದು. ನಿಂತು ದುಡಿಯುವವರಿಗೆ ಕೂರುವ ಏರ್ಪಾಡು, 50 ಮಂದಿಗಿಂತ ಹೆಚ್ಚಿರುವ ಕಡೆ ಕೂಸುಗಳ ಪಾಲನೆಯ ಕೋಣೆ, ನೂರು ಮಂದಿ ಇರುವ ಕಡೆ ಕ್ಯಾಂಟೀನು, ಇವೂ ಅದೇ ಸಂಹಿತೆಯಲ್ಲಿವೆ. ಸರ್ಕಾರವು ಗೊತ್ತುಪಡಿಸಿದ ವಯಸ್ಸಿನವರಿಗೂ ವರ್ಗದವರಿಗೂ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆಯನ್ನು ಮಾಲೀಕನೇ ಮಾಡಿಸಬೇಕು.

ಕಲ್ಲಿನ ಕೆಲಸವನ್ನೇ ನೋಡೋಣ. ಒಣಕಲ್ಲನ್ನು ಕೊರೆಯುವಾಗ ಏಳುವ ಸೂಕ್ಷ್ಮವಾದ ಧೂಳು ಶ್ವಾಸಕೋಶದಲ್ಲಿ ತಂಗಿ ಸಿಲಿಕೋಸಿಸ್ ಆಗುವುದು. ಅದು ವಾಸಿಯಾಗುವ ರೋಗವಲ್ಲ, ಆದರೆ ತಡೆಯಬಹುದಾದ ರೋಗ. ಕೊರೆಯುವಲ್ಲಿ ನೀರು ಹಾಯಿಸಿ ಧೂಳನ್ನು ಹುಟ್ಟುವಲ್ಲಿಯೇ ಅಡಗಿಸುವುದು ಮೊದಲ ಉಪಾಯ; ಮೂಗಿಗೆ ಕಟ್ಟಿದ ಟವೆಲ್ಲು ಉಪಾಯವೇ ಅಲ್ಲ. ಸಿಲಿಕೋಸಿಸ್ಸು ಕಾನೂನಿನಂತೆ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿದೆ. ಆದುದರಿಂದ ಕೆಮ್ಮು, ಏದುಸಿರು ಕಂಡ ಕೆಲಸಗಾರನು ತಾನು ಮಾಡುವ ಕೆಲಸವೇನೆಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸತಕ್ಕದ್ದು.

ಮನಸ್ಸಿನ ಕ್ಷೇಮ

ದೇಹದ ದಣಿವು ಕಣ್ಣಿಗೆ ಕಾಣುವುದು, ಮನಸ್ಸಿನದು ಕಾಣದು. ರಾತ್ರಿ ಪಾಳಿಯನ್ನು ಒಬ್ಬನಿಗೇ ಕಟ್ಟದೆ ಸರದಿಯಂತೆ ಹಂಚುವುದು, ಸಂಬಳವನ್ನು ಗೊತ್ತಾದ ದಿನವೇ ಕೊಡುವುದು, ಮೇಸ್ತ್ರಿಯ ಬಾಯಿಂದ ಬೈಗುಳ ಬಾರದಂತೆ ನೋಡಿಕೊಳ್ಳುವುದು, ಇವಕ್ಕೆ ಹೆಚ್ಚಿನ ಹಣ ಬೇಕಿಲ್ಲ. ಮನಸ್ಸು ಕುಗ್ಗಿದವರು ಹಗಲಿರುಳೆನ್ನದೆ 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಗೆ ಉಚಿತವಾಗಿ ಮಾತನಾಡಬಹುದು. ಆ ಸಂಖ್ಯೆಯನ್ನು ಹಾಜರಿ ಪುಸ್ತಕದ ಬಳಿ ಬರೆದು ಹಾಕುವ ಧಣಿಯು ದೊಡ್ಡ ಉಪಕಾರವನ್ನೇ ಮಾಡಿದವನಾಗುವನು.

ಸ್ತ್ರೀಯರ ಮೇಲಿನ ಲೈಂಗಿಕ ಕಿರುಕುಳದ ತಡೆಗೆ 2013ರ ಅಧಿನಿಯಮವಿದೆ. ಹತ್ತು ಮಂದಿ ಇರುವ ಎಲ್ಲ ಕಡೆಯೂ ಆಂತರಿಕ ಸಮಿತಿ ಇರಬೇಕು. ಅದಕ್ಕಿಂತ ಕಡಿಮೆಯಿದ್ದರೆ, ಅಥವಾ ದೂರು ಮಾಲೀಕನ ಮೇಲೆಯೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಬರೆಯಬಹುದು. ದೂರು ಕೊಡುವ ಅವಧಿ ಮೂರು ತಿಂಗಳು. ತಕ್ಕ ಕಾರಣವಿದ್ದಲ್ಲಿ ಸಮಿತಿಯು ಮತ್ತೆ ಮೂರು ತಿಂಗಳು ವಿಸ್ತರಿಸಬಹುದು.

ದೂರಿನ ದಾರಿ

ಇಪ್ಪತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕುಂದುಕೊರತೆ ನಿವಾರಣಾ ಸಮಿತಿ ಇರಲೇಬೇಕು. ಕಾರಣ ಹುಟ್ಟಿದ ಒಂದು ವರ್ಷದೊಳಗೆ ಅದಕ್ಕೆ ಅರ್ಜಿ ಕೊಟ್ಟರೆ, ಸಮಿತಿಯು 30 ದಿನಗಳಲ್ಲಿ ವಿಚಾರಣೆ ಮುಗಿಸಬೇಕು. ತೀರ್ಮಾನ ಒಪ್ಪಿಗೆಯಾಗದಿದ್ದರೆ 60 ದಿನಗಳೊಳಗೆ ಕಾರ್ಮಿಕ ಸಂಘದ ಮೂಲಕ ಸಂಧಾನಾಧಿಕಾರಿಯ ಬಳಿ ಹೋಗಬಹುದು. ಪ್ರಾಣಾಪಾಯದ ಶಂಕೆ ಇದ್ದಲ್ಲಿಯಾದರೋ ಕಾಯಬೇಕಿಲ್ಲ: ಮಾಲೀಕನಿಗೂ ಇನ್‌ಸ್ಪೆಕ್ಟರಿಗೂ ಏಕಕಾಲದಲ್ಲಿ ತಿಳಿಸುವ ಹಕ್ಕು ಕಾರ್ಮಿಕನಿಗಿದೆ.

ಅರ್ಜಿಯಲ್ಲಿ ದಿನಾಂಕ, ಪಾಳಿ, ನಡೆದ ಸಂಗತಿ, ಕಂಡವರ ಹೆಸರು ಇರಲಿ. ಒಂದು ಪ್ರತಿಯ ಮೇಲೆ ಸ್ವೀಕೃತಿಯ ರುಜು ಪಡೆಯಿರಿ. ಬರೆಯಲು ಬಾರದವರೂ ವಕೀಲರ ಶುಲ್ಕಕ್ಕೆ ಅಂಜುವವರೂ ಕೊಪ್ಪಳದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನಾಗಲಿ, ತಮ್ಮ ತಾಲೂಕಿನ ಕಾನೂನು ಸೇವಾ ಸಮಿತಿಯನ್ನಾಗಲಿ ಕಾಣಬಹುದು. ಕಾನೂನು ಸೇವೆಗಳ 1987ರ ಅಧಿನಿಯಮದ 12ನೆಯ ಕಲಮಿನಂತೆ ಸ್ತ್ರೀಯರು, ಪರಿಶಿಷ್ಟ ಜಾತಿ ಪಂಗಡದವರು, ಕೈಗಾರಿಕಾ ಕಾರ್ಮಿಕರು ಉಚಿತ ನೆರವಿಗೆ ಅರ್ಹರು. ಸಹಾಯವಾಣಿ 15100.

ಮಾಲೀಕರಲ್ಲಿ ಒಂದು ವಿನಂತಿ: ಇನ್‌ಸ್ಪೆಕ್ಟರು ಬರುವ ಮುನ್ನವೇ, ದೂರು ಹುಟ್ಟುವ ಮುನ್ನವೇ, ತಿಂಗಳಿಗೊಮ್ಮೆ ಕೆಲಸಗಾರರನ್ನು ಕೂರಿಸಿಕೊಂಡು ಅವರ ಮಾತನ್ನು ಆಲಿಸಿರಿ, ಆಲಿಸಿದುದನ್ನು ಬರೆದಿಡಿರಿ, ಬರೆದುದನ್ನು ನಡೆಸಿಕೊಡಿರಿ, ಕಾನೂನಿನ ಬಹುಭಾಗವು ಅಷ್ಟರಿಂದಲೇ ಪಾಲಿತವಾಗುವುದು.